‘ಬಾಯ್ಸ್ ಓನ್’ ಅಂದರೆ ಹೊಗಳಿಕೆಯೋ, ಬೈಗುಳವೋ?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಇಂಗ್ಲಿಷ್ ಸೈನ್ಸ್ ಫಿಕ್ಷನ್ ಜಾಸ್ತಿ ಓದುತ್ತೇನೆ. ವಿಮರ್ಶೆಗಳಲ್ಲಿ ‘ಇದು ಬಾಯ್ಸ್ ಓನ್ ಅಡ್ವೆಂಚರ್ ಥರ ಇದೆ’ ಅನ್ನೋ ಮಾತು ಪದೇ ಪದೇ ಸಿಗುತ್ತದೆ. ಒಬ್ಬರು ಮೆಚ್ಚಿ ಹೇಳುತ್ತಾರೆ, ಇನ್ನೊಬ್ಬರು ಮೂಗು ಮುರಿದು ಹೇಳುತ್ತಾರೆ. ಆ ಹಳೇ ಹುಡುಗರ ಪತ್ರಿಕೆಗಳಲ್ಲಿ ಅಂಥದ್ದೇನಿತ್ತು? ಇನ್ನೊಂದು ಸಣ್ಣ ಅನುಮಾನ. ಒಂದು ಕಾಮಿಕ್ಸ್‌ನಲ್ಲಿ ಕ್ಯಾಪ್ಟನ್ ನೆಮೋ ಪೇಟ ಸುತ್ತಿದ ಭಾರತೀಯನಾಗಿದ್ದಾನೆ. ಇದು ಈಗಿನವರು ಸೇರಿಸಿದ್ದೋ, ಮೊದಲಿಂದ ಇದ್ದದ್ದೋ?

ಉತ್ತರ: ನೆಮೋ ಅಂದರೆ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಸೃಷ್ಟಿಸಿದ ಜಲಾಂತರ್ಗಾಮಿಯ ಕ್ಯಾಪ್ಟನ್. ಅವನ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ಅದು ಸಣ್ಣ ಅನುಮಾನ ಅಲ್ಲ, ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಹೊಗಳಿಕೆಯೋ ಬೈಗುಳವೋ ಅಂದರೆ, ಎರಡೂ ಹೌದು. ಆ ಪತ್ರಿಕೆಗಳನ್ನು ಶುರುಮಾಡಿದ್ದು ಹುಡುಗರಲ್ಲ. ಹುಡುಗರು ಕೆಟ್ಟುಹೋಗಬಾರದು ಅಂತ ದೊಡ್ಡವರು ಶುರುಮಾಡಿದರು. ಕಹಿ ಮಾತ್ರೆಯನ್ನು ಬೆಲ್ಲದಲ್ಲಿ ಸುತ್ತಿ ನುಂಗಿಸುತ್ತಾರಲ್ಲ, ಹಾಗೆ. ಸೈನ್ಸ್ ಫಿಕ್ಷನ್ ಬೆಲ್ಲ ಬೇಕು ಅಂತ ತಗೊಂಡಿತು. ಒಳಗಿದ್ದ ಮಾತ್ರೆಯೂ ಜೊತೆಗೇ ಹೊಟ್ಟೆ ಸೇರಿತು. ಮೆಚ್ಚುವವರು ಬೆಲ್ಲದ ಮಾತಾಡುತ್ತಾರೆ, ಮೂಗು ಮುರಿಯುವವರು ಮಾತ್ರೆಯ ಮಾತಾಡುತ್ತಾರೆ.

ಮೊದಲು ಹೆಸರಿನ ಮೂಲ. ‘ಬಾಯ್ಸ್ ಓನ್ ಪೇಪರ್’ ಅನ್ನೋದು ಲಂಡನ್ನಿನ ವಾರಪತ್ರಿಕೆ. ಮೊದಲ ಸಂಚಿಕೆ ಬಂದದ್ದು 1879ರ ಜನವರಿ 18ರಂದು, ಬೆಲೆ ಒಂದು ಪೆನ್ನಿ. ಹೊರತಂದವರು ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ, ಅಂದರೆ ಧರ್ಮಪ್ರಚಾರದ ಕಿರುಪುಸ್ತಕ ಹಂಚುತ್ತಿದ್ದ ಸಂಸ್ಥೆ. ಆಗ ಅಲ್ಲಿನ ಹುಡುಗರು ‘ಪೆನ್ನಿ ಡ್ರೆಡ್‌ಫುಲ್’ ಅನ್ನೋ ಅಗ್ಗದ ಕತೆಗಳಿಗೆ ಬಿದ್ದಿದ್ದರು. ದಾರಿಗಳ್ಳರು, ಕೊಲೆಗಾರರು, ರಕ್ತ, ಭೂತ. ಪಾದ್ರಿಗಳಿಗೆ ಗಾಬರಿಯಾಯಿತು. ಬೈದರೆ ಹುಡುಗರು ಕೇಳುವುದಿಲ್ಲ, ಅದಕ್ಕಿಂತ ಚೆನ್ನಾಗಿರೋದನ್ನೇ ಅದೇ ಬೆಲೆಗೆ ಕೊಡಬೇಕು ಅಂತ ಹೊರಟರು. ಜಾಣತನ ನೋಡಿ, ಪತ್ರಿಕೆಯ ಮೇಲೆ ಸಂಸ್ಥೆಯ ಹೆಸರು ಎದ್ದು ಕಾಣುವ ಹಾಗೆ ಹಾಕಲಿಲ್ಲ. ‘ಲೀಜರ್ ಅವರ್’ ಅನ್ನೋ ತಮ್ಮದೇ ಇನ್ನೊಂದು ಪತ್ರಿಕೆಯ ಕಚೇರಿ ಹೆಸರು ಹಾಕಿದರು. ಧರ್ಮದ ವಾಸನೆ ಬಂದರೆ ಹುಡುಗ ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಮೊದಲ ಸಂಚಿಕೆಯ ಮುಖಪುಟದಲ್ಲೇ ಫುಟ್‌ಬಾಲ್ ಪಂದ್ಯದ ಕತೆ. ಒಳಗೆ ಇಂಗ್ಲಿಷ್ ಕಾಲುವೆ ಈಜಿ ಹೆಸರಾಗಿದ್ದ ಕ್ಯಾಪ್ಟನ್ ವೆಬ್ ಬರೆದ ಈಜಿನ ಲೇಖನ. ಮುಂದೆ ಹಡಗಿನ ಕತೆ, ಕಾಡಿನ ಕತೆ, ಮೊಲ ಸಾಕೋದು ಹೇಗೆ, ದೋಣಿ ಕಟ್ಟೋದು ಹೇಗೆ. ಜೂಲ್ಸ್ ವರ್ನ್ ಕತೆಗಳೂ ಧಾರಾವಾಹಿಯಾಗಿ ಬಂದವು. ಓದುಗರ ಪತ್ರಗಳಿಗೆ ಉತ್ತರ ಕೊಡುವ ಅಂಕಣವೂ ಇತ್ತು. ತಮಾಷೆ ಅಂದರೆ ಅಲ್ಲಿ ಪ್ರಶ್ನೆ ಅಚ್ಚಾಗುತ್ತಿರಲಿಲ್ಲ, ಬರೀ ಉತ್ತರ. ಹುಡುಗ ಏನು ಕೇಳಿದ್ದ ಅಂತ ನಾವೇ ಊಹಿಸಬೇಕು. ಬಹಳಷ್ಟು ಕಾಯಿಲೆಗೆ ಅಲ್ಲಿ ಸಿಗುತ್ತಿದ್ದ ಮದ್ದು ಒಂದೇ, ತಣ್ಣೀರು ಸ್ನಾನ. ಹಳೇ ಪುಸ್ತಕದಂಗಡಿಯಲ್ಲಿ ನನಗೆ ಸಿಕ್ಕ ಒಂದು ಬೈಂಡ್ ಸಂಪುಟದಲ್ಲಿ ಕತೆಗಳಿಗಿಂತ ನಾನು ಜಾಸ್ತಿ ಓದಿದ್ದು ಆ ಅಂಕಣವನ್ನೇ.

ಈ ಪತ್ರಿಕೆ 1967ರವರೆಗೆ ಬಂತು. ಇದರ ಹಿಂದೆಯೇ ‘ಚಮ್ಸ್’, ‘ದಿ ಕ್ಯಾಪ್ಟನ್’, ‘ದಿ ಜೆಮ್’, ‘ದಿ ಮ್ಯಾಗ್ನೆಟ್’ ಬಂದವು. ಆಮೇಲೆ ಸ್ಕಾಟ್ಲೆಂಡಿನ ಡಂಡೀ ಊರಿಂದ ‘ವಿಝರ್ಡ್’, ‘ಹಾಟ್‌ಸ್ಪರ್’ ಬಂದವು. ಒಂದೊಂದರ ಚರಿತ್ರೆ ಹೇಳುತ್ತಾ ಹೋದರೆ ಬೆಳಗಾಗುತ್ತದೆ. ಎಲ್ಲಕ್ಕೂ ಸೇರಿ ಉಳಿದುಕೊಂಡ ಹೆಸರು ಮಾತ್ರ ‘ಬಾಯ್ಸ್ ಓನ್’. ನಮ್ಮಲ್ಲಿ ಯಾವ ಕಂಪನಿಯ ನಕಲು ಪ್ರತಿ ಯಂತ್ರವಾದರೂ ‘ಜೆರಾಕ್ಸ್’ ಅನ್ನುತ್ತೇವಲ್ಲ, ಹಾಗೆ.

ಇವನ್ನೆಲ್ಲ ಗಂಭೀರವಾಗಿ ಕೂತು ಓದಿ, ಒಳಗಿನ ಮಾತ್ರೆಯನ್ನು ಹೊರತೆಗೆದು ತೋರಿಸಿದವನು ಜಾರ್ಜ್ ಆರ್ವೆಲ್. 1940ರಲ್ಲಿ ‘ಹೊರೈಜನ್’ ಪತ್ರಿಕೆಯಲ್ಲಿ ಹುಡುಗರ ವಾರಪತ್ರಿಕೆಗಳ ಬಗ್ಗೆ ಒಂದು ಉದ್ದನೆಯ ಲೇಖನ ಬರೆದ. ಅವನ ದೂರು ಸರಳವಾಗಿತ್ತು. ಜೆಮ್, ಮ್ಯಾಗ್ನೆಟ್ ಲೋಕದಲ್ಲಿ ಗಡಿಯಾರ 1910ಕ್ಕೇ ನಿಂತಿದೆ. ಸಾಮ್ರಾಜ್ಯ ಸದಾಕಾಲ ಇರುತ್ತದೆ. ಪರದೇಶದವರು ಅಂದರೆ ನಗೆಪಾಟಲು. ಹೊಸ ಪತ್ರಿಕೆಗಳಲ್ಲಿ ಮಂಗಳ ಗ್ರಹದವರು, ಸಾವಿನ ಕಿರಣ, ರೋಬಾಟ್, ರಾಕೆಟ್ ಎಲ್ಲ ಬಂದಿವೆ, ಆದರೆ ಒಳಗಿನ ನಂಬಿಕೆ ಅದೇ ಹಳೇದು. ಮ್ಯಾಗ್ನೆಟ್ ಕತೆಗಳನ್ನು ಬರೆಯುತ್ತಿದ್ದ ಫ್ರಾಂಕ್ ರಿಚರ್ಡ್ಸ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಪರದೇಶದವರು ನಗೆಪಾಟಲಾಗಿಯೇ ಇರುತ್ತಾರೆ, ನಾನೇನು ಮಾಡಲಿ ಅನ್ನೋ ಧಾಟಿ. ಅವರ ಶಾಲೆಯ ಕತೆಗಳಲ್ಲಿ ಹರಿ ಜಮ್‌ಸೆಟ್ ರಾಮ್ ಸಿಂಗ್ ಅಂತ ಒಬ್ಬ ಭಾರತದ ನವಾಬ ಇದ್ದಾನೆ. ಹೆಸರಲ್ಲೇ ಹಿಂದೂ, ಪಾರ್ಸಿ, ಸಿಖ್ ಮೂರನ್ನೂ ಕಲಸಿಟ್ಟಿದ್ದಾರೆ! ಹುಡುಗ ಒಳ್ಳೆಯವನು, ಕ್ರಿಕೆಟ್ ಚೆನ್ನಾಗಿ ಆಡುತ್ತಾನೆ, ಆದರೆ ಬಾಯಿ ಬಿಟ್ಟರೆ ನಗೆ ಬರುವಂಥ ಇಂಗ್ಲಿಷ್.

ಸೈನ್ಸ್ ಫಿಕ್ಷನ್ ಈ ಮನೆಯಲ್ಲೇ ಬೆಳೆದ ಮಗು. ಫ್ರಾನ್ಸಿನಲ್ಲಿ ಹೆಟ್ಜೆಲ್ ಅನ್ನೋ ಪ್ರಕಾಶಕ 1864ರಲ್ಲಿ ಮನೆಮಂದಿ, ಮಕ್ಕಳು ಓದಲಿ ಅಂತ ಒಂದು ಪತ್ರಿಕೆ ಶುರುಮಾಡಿದ. ಅದರ ಹೆಸರಲ್ಲೇ ಶಿಕ್ಷಣ, ಮನರಂಜನೆ ಎರಡೂ ಇದ್ದವು. ಮತ್ತೆ ಅದೇ ಮಾತ್ರೆ, ಅದೇ ಬೆಲ್ಲ. ನೆಮೋ ಮೊದಲು ಬರುವ, ವರ್ನ್‌ನ ಸಮುದ್ರದಡಿಯ ಕಾದಂಬರಿ 1869-70ರಲ್ಲಿ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಅಮೆರಿಕದಲ್ಲಿ ಫ್ರಾಂಕ್ ಮನ್ಸಿ 1882ರಲ್ಲಿ ಮಕ್ಕಳಿಗಾಗಿ ‘ಗೋಲ್ಡನ್ ಆರ್ಗಸಿ’ ಶುರುಮಾಡಿದ. 1896ರ ಹೊತ್ತಿಗೆ ಅದು ಅಗ್ಗದ ಕಾಗದದ ಮೇಲೆ ಬರೀ ಕತೆ ಹಾಕುವ, ದೊಡ್ಡವರ ಪತ್ರಿಕೆಯಾಯಿತು. ಅದೇ ಮನ್ಸಿಯ ಇನ್ನೊಂದು ಪತ್ರಿಕೆಯಲ್ಲಿ 1912ರಲ್ಲಿ, ಟಾರ್ಜನ್ ಕತೆಗಳ ಲೇಖಕ ಬರೋಸ್‌ನ ಮಂಗಳ ಗ್ರಹದ ಕತೆ ಬಂತು. ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದಲ್ಲಿದ್ದವನು. ಅರಿಜೋನಾದಲ್ಲಿ ಅಪಾಚೆ ಅನ್ನೋ ಮೂಲನಿವಾಸಿಗಳು ಅಟ್ಟಿಸಿಕೊಂಡು ಬಂದಾಗ ಗುಹೆ ಹೊಕ್ಕು, ಅಲ್ಲಿಂದ ಸೀದಾ ಮಂಗಳಕ್ಕೆ. ಅಲ್ಲಿ ಸಿಕ್ಕವರು ಹಸಿರು ಬಣ್ಣದ, ನಾಲ್ಕು ತೋಳಿನ ಯೋಧರು. ಅಪಾಚೆಗಳ ಬಣ್ಣ ಬದಲಾಯಿತು ಅಷ್ಟೆ, ಅಲ್ವಾ?

1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ‘ಅಮೇಜಿಂಗ್ ಸ್ಟೋರೀಸ್’ ತಂದ. ಬರೀ ವಿಜ್ಞಾನ ಕತೆಗಳಿಗೆ ಅಂತಲೇ ಹುಟ್ಟಿದ ಮೊದಲ ಇಂಗ್ಲಿಷ್ ಪತ್ರಿಕೆ. ಅದರ ಒಳಪುಟದ ತಲೆಬರಹದ ಜೊತೆ ಒಂದು ಚಿತ್ರ ಇರುತ್ತಿತ್ತು. ಅಮಿಯೆನ್ಸ್ ಊರಲ್ಲಿರುವ ವರ್ನ್ ಸಮಾಧಿ. ಯಾರ ವಂಶದವರು ಅಂತ ಅವರೇ ಹೇಳಿಕೊಂಡ ಹಾಗೆ.

ಇಲ್ಲಿ ಒಂದು ಅಡ್ಡಮಾತು. ನಾವು ಕನ್ನಡದಲ್ಲಿ ‘ಗಗನನೌಕೆ’, ‘ಅಂತರಿಕ್ಷ ನೌಕೆ’ ಅನ್ನುತ್ತೇವೆ. ಆಕಾಶದಲ್ಲಿ ಹಾರೋದಕ್ಕೆ ನೌಕೆ ಅನ್ನೋ ಹೆಸರು ಯಾಕೆ ಅಂತ ಯೋಚಿಸಿದ್ದೀರಾ? ಇಂಗ್ಲಿಷಿನವರು ಹಡಗಿನ ಕತೆಯನ್ನೇ ಎತ್ತಿ ಆಕಾಶಕ್ಕೆ ಇಟ್ಟರು. ಕ್ಯಾಪ್ಟನ್, ಡೆಕ್, ನಾವಿಕರು, ದಂಗೆ, ಗೊತ್ತಿಲ್ಲದ ದ್ವೀಪ, ದ್ವೀಪದಲ್ಲಿ ಕಾದಿರುವ ಕಾಡುಜನ. ದ್ವೀಪ ಹೋಗಿ ಗ್ರಹ ಬಂತು. ಆ ಹಡಗು ನಮ್ಮ ಪದಕ್ಕೂ ಬಂದು ಕೂತಿದೆ. ಆದರೆ ಅದರಲ್ಲಿ ಹೋಗುವವನನ್ನು ನಾವು ನಾವಿಕ ಅನ್ನಲಿಲ್ಲ, ‘ಗಗನಯಾತ್ರಿ’ ಅಂದೆವು. ಕಾಶಿಗೆ ಹೋದವನ ಹಾಗೆ. ಇದು ನನಗೆ ಇಷ್ಟದ ಬೆರಕೆ.

ಈಗ ನಿಜವಾಗಿ ಕೂತು ನೋಡಬೇಕಾದ ಪತ್ರಿಕೆಗೆ ಬರೋಣ. ಬ್ರಿಟನ್ನಿನವರು ‘ಬಾಯ್ಸ್ ಓನ್ ಥರದ ಸೈನ್ಸ್ ಫಿಕ್ಷನ್’ ಅಂದಾಗ ಬಹಳ ಸಲ ಅವರ ಕಣ್ಣೆದುರು ಇರುವುದು ‘ಬಾಯ್ಸ್ ಓನ್ ಪೇಪರ್’ ಅಲ್ಲವೇ ಅಲ್ಲ. ಅದು ‘ಈಗಲ್’. 1950ರ ಏಪ್ರಿಲ್ 14ರಂದು ಶುರುವಾಯಿತು. ಹುಟ್ಟುಹಾಕಿದವರು ಮಾರ್ಕಸ್ ಮೋರಿಸ್, ಸೌತ್‌ಪೋರ್ಟ್ ಅನ್ನೋ ಕಡಲೂರಿನ ಕಡೆಯ ಪಾದ್ರಿ. ಮತ್ತೆ ಪಾದ್ರಿ! ಈ ಸಲ ಗಾಬರಿ ಹುಟ್ಟಿಸಿದ್ದು ಅಮೆರಿಕದಿಂದ ಬರುತ್ತಿದ್ದ ಹಾರರ್ ಕಾಮಿಕ್ಸ್. ಎಪ್ಪತ್ತು ವರ್ಷ ಕಳೆದರೂ ಕಾಯಿಲೆ ಅದೇ, ಮದ್ದೂ ಅದೇ. ಮೋರಿಸ್ ಜೊತೆ ಸೇರಿದ ಚಿತ್ರಕಾರ ಫ್ರಾಂಕ್ ಹ್ಯಾಂಪ್ಸನ್. ಅವರ ನಾಯಕ ಮೊದಲು ಬಾಹ್ಯಾಕಾಶ ಪಡೆಯಲ್ಲಿರುವ ಪಾದ್ರಿಯೇ ಆಗಬೇಕಿತ್ತಂತೆ. ಆಮೇಲೆ ಪಾದ್ರಿಯ ಕಾಲರ್ ಬಿಚ್ಚಿಸಿ, ಬ್ರಿಟಿಷ್ ವಾಯುಪಡೆಯ ಹೋಲಿಕೆಯ ಸಮವಸ್ತ್ರ ಹಾಕಿಸಿದರು. ಅವನೇ ಡ್ಯಾನ್ ಡೇರ್.

ಮೊದಲ ಸಂಚಿಕೆ ಸುಮಾರು 9 ಲಕ್ಷ ಪ್ರತಿ ಖರ್ಚಾಯಿತು. ಯಾಕೆ ಅಂತ ಆ ಪುಟ ನೋಡಿದರೆ ಗೊತ್ತಾಗುತ್ತದೆ. ಯುದ್ಧ ಮುಗಿದು ಐದು ವರ್ಷ ಕಳೆದರೂ ಬ್ರಿಟನ್ನಿನಲ್ಲಿ ಎಲ್ಲವೂ ಬೂದು ಬಣ್ಣ, ಎಲ್ಲಕ್ಕೂ ಕೂಪನ್. ಆ ಬೂದಿಯ ನಡುವೆ ಇಡೀ ಪುಟದ ತುಂಬ ಹೊಳೆಯುವ ಕೆಂಪು, ಹಳದಿ, ನೀಲಿ. ಹ್ಯಾಂಪ್ಸನ್ ಕೆಲಸ ಮಾಡುತ್ತಿದ್ದುದು ಒಂದು ಹಳೇ ಬೇಕರಿಯಲ್ಲಿ. ಸುಮ್ನೆ ಕೂತು ಊಹಿಸಿ ಬರೆಯುವ ಮನುಷ್ಯ ಅಲ್ಲ ಅವರು. ರಾಕೆಟ್ಟುಗಳ ಮಾದರಿ ಮಾಡಿಸಿ, ಬೆಳಕು ಬಿಟ್ಟು ನೋಡಿ ಬರೆಯುತ್ತಿದ್ದರು. ಪ್ರತಿ ಚೌಕಟ್ಟಿಗೂ ಜೊತೆಗಾರರನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಬಾಹ್ಯಾಕಾಶ ಪಡೆಯ ಮುಖ್ಯಸ್ಥ ಸರ್ ಹ್ಯೂಬರ್ಟ್‌ಗೆ ರೂಪ ಕೊಟ್ಟದ್ದು ಹ್ಯಾಂಪ್ಸನ್ ಅವರ ಅಪ್ಪನೇ. ಶುರುವಿನಲ್ಲಿ ವಿಜ್ಞಾನದ ಸಲಹೆಗಾರರಾಗಿದ್ದವರು ಸೈನ್ಸ್ ಫಿಕ್ಷನ್ ಲೇಖಕ ಆರ್ಥರ್ ಸಿ. ಕ್ಲಾರ್ಕ್. ಆಮೇಲೆ ಲಕ್ಸೆಂಬರ್ಗ್ ರೇಡಿಯೋದಲ್ಲೂ ಡ್ಯಾನ್ ಡೇರ್ ಬಂದ, ಪ್ರಾಯೋಜಕರು ಹಾರ್ಲಿಕ್ಸ್.

ಮೊದಲ ಕತೆಯ ಕಾರಣ ಏನು ಗೊತ್ತಾ? 1990ರ ದಶಕ. ಭೂಮಿಯಲ್ಲಿ ಊಟಕ್ಕಿಲ್ಲ. ಆಹಾರ ಸಿಗಬಹುದು ಅಂತ ಶುಕ್ರ ಗ್ರಹಕ್ಕೆ ಹೋಗುತ್ತಾರೆ. ಈ ಕತೆ ಓದುತ್ತಿದ್ದ ಹುಡುಗರಿಗೆ ಮಿಠಾಯಿ ಕೂಡ ರೇಷನ್ನಿನಲ್ಲೇ ಸಿಗುತ್ತಿತ್ತು. ಬ್ರಿಟನ್ನಿನಲ್ಲಿ ರೇಷನ್ ಪೂರ್ತಿ ನಿಂತದ್ದು 1954ರಲ್ಲಿ. ಅಂದರೆ ಅದು ದೂರದ ಭವಿಷ್ಯದ ಕತೆಯಲ್ಲ, ಅಡುಗೆಮನೆಯ ಕತೆ. ಕತೆಗೆ ಜೀವ ಬಂದದ್ದು ಅಲ್ಲಿಂದ.

ಬೆಲ್ಲ ಚೆನ್ನಾಗಿದೆ. ಮಾತ್ರೆ? ಕತೆಯೊಳಗೆ ಪ್ರಪಂಚಕ್ಕೆಲ್ಲ ಒಂದೇ ಸರ್ಕಾರ. ತಂಡದಲ್ಲಿ ಒಬ್ಬ ಅಮೆರಿಕದವನು, ಒಬ್ಬ ಫ್ರೆಂಚ್. ಪ್ರೊಫೆಸರ್ ಪೀಬಾಡಿ ಅನ್ನೋ ಹೆಣ್ಣು ವಿಜ್ಞಾನಿಯೂ ಇದ್ದಾಳೆ. ಅವಳನ್ನು ಕರೆದುಕೊಂಡು ಹೋಗೋದಕ್ಕೆ ಸರ್ ಹ್ಯೂಬರ್ಟ್ ಮೊದಲು ತಕರಾರು ತೆಗೆಯುತ್ತಾನೆ. 1950ಕ್ಕೆ ಇದು ಕಮ್ಮಿಯೇನಲ್ಲ, ಆ ಮಟ್ಟಿಗೆ ನಾನು ಮೋರಿಸ್ ಪರ. ಆದರೆ ಚುಕ್ಕಾಣಿ ಇಂಗ್ಲಿಷಿನವನ ಕೈಯಲ್ಲೇ. ಅವನ ಜೊತೆ ವಿಗನ್ ಊರಿನ ಡಿಗ್ಬಿ ಅನ್ನೋ ದಪ್ಪನೆಯ ಬಂಟ. ಅಧಿಕಾರಿ, ಆಳು. ಎದುರಾಳಿ ಮೆಕಾನ್, ಹಸಿರು ಮೈ, ಕುಂಬಳಕಾಯಿ ಗಾತ್ರದ ತಲೆ, ತೇಲುವ ಕುರ್ಚಿ. ಭಾರತ ಕೈಬಿಟ್ಟು ಮೂರು ವರ್ಷ ಆಗಿದ್ದಾಗ, ಆ ದೇಶದ ಹುಡುಗರು ಪ್ರತಿ ಶುಕ್ರವಾರ ಓದುತ್ತಿದ್ದುದು ತಮ್ಮವನೊಬ್ಬ ಇನ್ನೊಂದು ಗ್ರಹ ಗೆಲ್ಲುವ ಕತೆ. ನೆಲದಲ್ಲಿ ಕಳಕೊಂಡದ್ದನ್ನು ಆಕಾಶದಲ್ಲಿ ಹುಡುಕಿದರು ಅಂತ ನನಗೆ ಅನ್ನಿಸುತ್ತದೆ. ಎಲ್ಲರೂ ಇದನ್ನು ಒಪ್ಪಬೇಕಿಲ್ಲ.

ಈ ಹುಡುಗರು ಬೆಳೆದು ಲೇಖಕರಾದ ಮೇಲೆ ಏನಾಯಿತು ಅನ್ನೋದೇ ನಿಮ್ಮ ಪ್ರಶ್ನೆಯ ತಿರುಳು. ಮೈಕಲ್ ಮೂರ್‌ಕಾಕ್ ಹದಿನೇಳನೇ ವಯಸ್ಸಿಗೇ ‘ಟಾರ್ಜನ್ ಅಡ್ವೆಂಚರ್ಸ್’ ಅನ್ನೋ ಪತ್ರಿಕೆಯ ಸಂಪಾದಕ. ಅಂದರೆ ಹೊರಗಿಂದ ಆಡಿಕೊಂಡವನಲ್ಲ, ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. 1971ರಲ್ಲಿ ಅವನು ಬರೆದ ಒಂದು ಕಾದಂಬರಿಯಲ್ಲಿ 1902ರ ಒಬ್ಬ ಬ್ರಿಟಿಷ್ ಸೈನ್ಯಾಧಿಕಾರಿ 1973ರಲ್ಲಿ ಕಣ್ಣುಬಿಡುತ್ತಾನೆ. ಮಹಾಯುದ್ಧ ನಡೆದೇ ಇಲ್ಲ. ಸಾಮ್ರಾಜ್ಯ ಹಾಗೇ ಇದೆ. ಆಕಾಶದ ತುಂಬ ದೊಡ್ಡ ದೊಡ್ಡ ವಾಯುನೌಕೆಗಳು. ಅವನಿಗೆ ಸ್ವರ್ಗ ಸಿಕ್ಕಷ್ಟು ಖುಷಿ. ಇದರ ಖರ್ಚು ಯಾರ ಬೆನ್ನ ಮೇಲೆ ಬಿದ್ದಿದೆ ಅಂತ ಗೊತ್ತಾಗೋದು ನಿಧಾನಕ್ಕೆ. ಕತೆ ಹೇಳುವ ದನಿ ಮಾತ್ರ ಹಳೇ ಹುಡುಗರ ಪತ್ರಿಕೆಯದ್ದೇ. ಹಾಗಾಗಿ ನಾವೂ ಅವನ ಜೊತೆ ಮೊದಲು ಖುಷಿಪಟ್ಟು, ಆಮೇಲೆ ನಾಚಿಕೆ ಪಡುತ್ತೇವೆ.

ವಿಲಿಯಂ ಗಿಬ್ಸನ್ 1981ರಲ್ಲಿ ಒಂದು ಸಣ್ಣಕತೆಗೆ ಗರ್ನ್ಸ್‌ಬ್ಯಾಕ್ ಹೆಸರನ್ನೇ ಇಟ್ಟ. ಒಬ್ಬ ಫೋಟೋಗ್ರಾಫರನಿಗೆ ಹಳೇ ಪತ್ರಿಕೆಯ ಮುಖಪುಟದ ಭವಿಷ್ಯ ಕಣ್ಣೆದುರೇ ಕಾಣತೊಡಗುತ್ತದೆ. ಹೊಳೆಯುವ ನಗರ, ಬಿಳಿ ಬಟ್ಟೆಯ, ಹೊಂಗೂದಲಿನ, ಒಂದು ಕೊರತೆಯೂ ಇಲ್ಲದ ಜೋಡಿ. ಅದನ್ನು ನೋಡಿ ಅವನಿಗೆ ಆಸೆಯಾಗುವುದಿಲ್ಲ, ಹಿಟ್ಲರನ ಕಾಲದ ಪೋಸ್ಟರ್ ನೋಡಿದ ಹಾಗೆ ದಿಗಿಲಾಗುತ್ತದೆ.

ಡ್ಯಾನ್ ಡೇರ್ ಲೆಕ್ಕ ಇನ್ನೂ ಕಟುವಾಗಿ ಚುಕ್ತಾ ಆಯಿತು. 1990ರಲ್ಲಿ ಕಾಮಿಕ್ಸ್ ಲೇಖಕ ಗ್ರಾಂಟ್ ಮಾರಿಸನ್ ಅವನನ್ನು ವಯಸ್ಸಾದ, ಕುಂಟುವ ಮನುಷ್ಯನಾಗಿ ತಂದು, ಥ್ಯಾಚರ್ ಹೋಲಿಕೆಯ ಪ್ರಧಾನಿಯ ಚುನಾವಣೆ ಪ್ರಚಾರಕ್ಕೆ ನಿಲ್ಲಿಸಿದರು. 2001ರಲ್ಲಿ ವಾರೆನ್ ಎಲ್ಲಿಸ್ ಶುರುಮಾಡಿದ ಕಾಮಿಕ್ಸ್‌ನಲ್ಲಿ ಬ್ರಿಟನ್ ನಿಜಕ್ಕೂ ಬಾಹ್ಯಾಕಾಶ ಗೆದ್ದುಬಿಟ್ಟಿದೆ. ಈಗಲ್ ಪುಟಗಳ ಅದೇ ಹೊಳಪು, ಅದೇ ರಾಕೆಟ್ಟುಗಳು. ದುಡ್ಡು ಎಲ್ಲಿಂದ ಬಂತು ಅನ್ನೋದೇ ಗುಟ್ಟು. ನಾಜಿಗಳು ಕೊಂದ ಯಹೂದಿಗಳಿಂದ ದೋಚಿದ ಚಿನ್ನ. ಕೊನೆಯ ಪುಟದಲ್ಲಿ ಒಬ್ಬ ಕರಿಯ ಹೆಣ್ಣುಮಗಳು ಇದ್ದಾಳೆ. ಆ ಚಂದದ ಭವಿಷ್ಯದಲ್ಲೂ ಅವಳಿಗೆ ಬೇರೆ ಬಾಗಿಲು.

ಈಗ ವಿಮರ್ಶೆ ಓದುವಾಗ ಹೊಗಳಿಕೆ, ಬೈಗುಳ ಗುರುತಿಸುವುದು ಕಷ್ಟವಲ್ಲ. ‘ಬಾಯ್ಸ್ ಓನ್’ ಅಂದ ಮೇಲೆ ಅವರು ವೇಗ, ಯಂತ್ರ, ಗೆಳೆತನ, ‘ಮುಂದಿನ ವಾರಕ್ಕೆ ಕಾಯಿರಿ’ ಅನ್ನೋ ಕುತೂಹಲದ ಬಗ್ಗೆ ಮಾತಾಡಿದರೆ ಅದು ಮೆಚ್ಚುಗೆ. ಹೆಣ್ಣು ಪಾತ್ರ ಎಲ್ಲಿ, ಆ ಗ್ರಹದಲ್ಲಿ ಮೊದಲೇ ಇದ್ದವರ ಗತಿ ಏನು ಅಂತ ಕೇಳಿದರೆ ಬೈಗುಳ. ನನ್ನ ಅಭಿಪ್ರಾಯ ಕೇಳಿದರೆ, ಮಾತ್ರೆ ಕಂಡಿತು ಅಂತ ಬೆಲ್ಲವನ್ನೂ ಉಗಿಯುವವರ ಜೊತೆ ನನಗೆ ಜಗಳ ಇದೆ. ಮೂರ್‌ಕಾಕ್‌ನ ವಾಯುನೌಕೆಗಳು ಚಂದ ಇರದಿದ್ದರೆ ಅವನ ಮಾತು ನಮಗೆ ನಾಟುತ್ತಲೇ ಇರಲಿಲ್ಲ.

ಈಗ ನೆಮೋ. ನೀವು ನೋಡಿದ್ದು ಅಲನ್ ಮೂರ್, ಕೆವಿನ್ ಓ’ನೀಲ್ 1999ರಲ್ಲಿ ಶುರುಮಾಡಿದ ಕಾಮಿಕ್ಸ್ ಇರಬೇಕು. ಅದರ ವೇಷವೇ ವಿಕ್ಟೋರಿಯಾ ಕಾಲದ ಹುಡುಗರ ಪತ್ರಿಕೆಯದ್ದು. ಸುಳ್ಳು ಜಾಹೀರಾತು, ಹುಡುಗರಿಗೆ ಬುದ್ಧಿಮಾತು ಎಲ್ಲ ಇವೆ. ಸಿಖ್ಖರ ಪೇಟ ಅವರ ಸೇರ್ಪಡೆ. ಭಾರತೀಯತೆ ಮಾತ್ರ ವರ್ನ್‌ನದ್ದೇ.

ವರ್ನ್‌ಗೆ ಮೊದಲು ನೆಮೋನನ್ನು ಪೋಲೆಂಡಿನವನನ್ನಾಗಿ ಮಾಡುವ ಮನಸ್ಸಿತ್ತು. ರಷ್ಯನ್ನರು ಅವನ ಕುಟುಂಬವನ್ನು ಕೊಂದಿರುತ್ತಾರೆ, ಆ ಸೇಡು. ಹೆಟ್ಜೆಲ್ ಒಪ್ಪಲಿಲ್ಲ, ರಷ್ಯಾದಲ್ಲಿ ಪುಸ್ತಕ ಮಾರಬೇಕಲ್ಲ. ಹಾಗಾಗಿ ಆ ಸಮುದ್ರದಡಿಯ ಕಾದಂಬರಿಯಲ್ಲಿ ಅವನ ಊರು ಯಾವುದು ಅಂತ ಹೇಳಲೇ ಇಲ್ಲ. ಸಿಲೋನಿನ ಹತ್ತಿರ ಒಬ್ಬ ಬಡ ಮುತ್ತು ತೆಗೆಯುವವನ ಜೀವ ಉಳಿಸಿ, ಅವನು ತುಳಿತಕ್ಕೊಳಗಾದವರ ನಾಡಿನವನು, ನಾನೂ ಆ ನಾಡಿನವನೇ ಅನ್ನೋ ಅರ್ಥದ ಮಾತು ಆಡುತ್ತಾನೆ, ಅಷ್ಟೆ. ಗುಟ್ಟು ಬಿಚ್ಚಿದ್ದು 1874-75ರ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ. ನೆಮೋ ಅಂದರೆ ರಾಜಕುಮಾರ ಡಕ್ಕರ್. ಬುಂದೇಲಖಂಡದ ರಾಜನ ಮಗ, 1857ರ ದಂಗೆಯ ಮುಂದಾಳು. ಅಷ್ಟೇ ಅಲ್ಲ, ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ! ಅಣ್ಣತಮ್ಮನ ಮಗನೋ ಅಕ್ಕತಂಗಿಯ ಮಗನೋ ಅಂತ ಕನ್ನಡದವರು ಕೇಳಿಯೇ ಕೇಳುತ್ತೇವೆ. ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪದ, ವರ್ನ್ ಪಾರಾದ. ಲೆಕ್ಕ ಹಾಕಿದರೆ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತು ಸುಮಾರು 20 ವರ್ಷಕ್ಕೆ ಡಕ್ಕರ್ ಹುಟ್ಟಿರಬೇಕು. ಬುಂದೇಲಖಂಡಕ್ಕೂ ಮೈಸೂರಿಗೂ ಬೀಗತನ ಹೇಗೆ ಬೆಳೆಯಿತೋ ವರ್ನ್‌ನನ್ನೇ ಕೇಳಬೇಕು. ಆದರೂ ಬ್ರಿಟಿಷರ ವಿರುದ್ಧ ನಿಂತವನು ಅಂದ ಕೂಡಲೇ ಫ್ರಾನ್ಸಿನ ಲೇಖಕನಿಗೆ ನೆನಪಾದ ಹೆಸರು ಟಿಪ್ಪು.

ಹಾಗಾದರೆ ಇಂಗ್ಲಿಷ್ ಓದುಗರಿಗೆ ಇದು ಯಾಕೆ ಹೊಸದು ಅನ್ನಿಸುತ್ತದೆ? 1954ರ ಹಾಲಿವುಡ್ ಸಿನಿಮಾದಲ್ಲಿ ನೆಮೋ ಆದದ್ದು ಜೇಮ್ಸ್ ಮೇಸನ್. ನಮ್ಮ ನಾಸಿರುದ್ದೀನ್ ಶಾ ಆ ಪಾತ್ರ ಮಾಡಿದ್ದು 2003ರಲ್ಲಿ. ಆದರೆ ಸಿನಿಮಾಕ್ಕಿಂತ ಹಳೇ ಕಾರಣ ಒಂದಿದೆ. ‘ನಿಗೂಢ ದ್ವೀಪ’ದ ಇಂಗ್ಲಿಷ್ ಅನುವಾದ 1875ರಲ್ಲಿ ಲಂಡನ್ನಿನಲ್ಲಿ ಬಂತು. ಅದರ ಮೇಲೆ ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್ ಹೆಸರಿದೆ. ನಿಜಕ್ಕೂ ಅನುವಾದ ಮಾಡಿದ್ದು ಅವರ ಹೆಂಡತಿ ಆಗ್ನೆಸ್ ಅಂತ ಈಗ ವಿದ್ವಾಂಸರು ಹೇಳುತ್ತಾರೆ. ನೆಮೋ ಸಾಯುವ ಮುಂಚೆ ತನ್ನ ಕತೆ ಹೇಳಿಕೊಳ್ಳುವ ಭಾಗದಲ್ಲಿ ಇಂಗ್ಲಿಷರ ಆಳ್ವಿಕೆಯ ಮೇಲಿದ್ದ ಸಿಟ್ಟನ್ನು ಆ ಅನುವಾದದಲ್ಲಿ ತಿದ್ದಿ ತಣ್ಣಗೆ ಮಾಡಿದ್ದಾರೆ. ಈ ಕಿಂಗ್‌ಸ್ಟನ್ ಯಾರು ಅಂದಿರಾ? ಹುಡುಗರಿಗೆ ಹಡಗಿನ ಕತೆ ಬರೆದು ಹೆಸರಾದವರು. ‘ಬಾಯ್ಸ್ ಓನ್ ಪೇಪರ್’ ಶುರುವಾದಾಗ ಅದಕ್ಕೆ ಬರೆದ ಮೊದಲಿಗರಲ್ಲಿ ಒಬ್ಬರು.

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಹಳೇ ಇಂಗ್ಲಿಷ್ ಪ್ರತಿ ಬಹಳ ಸಲ ಇದೇ ಆಗಿರುತ್ತದೆ. ಓದುವುದಾದರೆ ಸಿಡ್ನಿ ಕ್ರಾವಿಟ್ಜ್ ಅಥವಾ ಜೋರ್ಡನ್ ಸ್ಟಂಪ್ ಮಾಡಿರುವ ಹೊಸ ಅನುವಾದ ತಗೊಳ್ಳಿ. ಮೂರನೇ ಭಾಗದ 16ನೇ ಅಧ್ಯಾಯವನ್ನು ಹಳೇ ಪ್ರತಿಯ ಪಕ್ಕ ಇಟ್ಟುಕೊಂಡು ಓದಿ. ಏನು ಉಳಿಸಿದ್ದಾರೆ, ಏನು ತೆಗೆದಿದ್ದಾರೆ ಅನ್ನೋದು ನಿಮಗೇ ಕಾಣುತ್ತದೆ.